ಮದ್ಮಲ್ಲಿನ ಹೊಟ್ಟೆಯಲ್ಲಿ ಏನಿತ್ತು: ಕಾರವಾರ ತೀರದ ಒಂದು ಟ್ರಾಲ್ ತಕರಾರಿನ ಪ್ರಕರಣ ಅಧ್ಯಯನ

ಇದು ಕಾಳಿ ಮತ್ತು ಗಂಗಾವಳಿ ಅಳಿವೆಗಳ ನಡುವಿನ ಒಂದು ಸಣ್ಣ ಮೀನುಗಾರಿಕಾ ಬಂದರಿನ ಪ್ರಕರಣ. ಊರು, ಬೋಟು, ಸಂಘ, ಕಾಲೇಜು ಯಾವುದರ ಹೆಸರನ್ನೂ ಕೊಟ್ಟಿಲ್ಲ. ವರ್ಷವನ್ನೂ, ಗುರುತು ಹಿಡಿಯಬಹುದಾದ ಸಣ್ಣಪುಟ್ಟ ವಿವರಗಳನ್ನೂ ಬಿಟ್ಟಿದೆ. ಟ್ರಾಲ್, ಅಂದರೆ ಬೋಟು ತಳಗುಂಟ ಎಳೆಯುವ ಚೀಲದಂಥ ಬಲೆಯಿಂದ ಮೀನಿನ ಆಹಾರ ಕೆಟ್ಟಿದೆಯೇ ಎಂದು ಮೀನಿನ ಹೊಟ್ಟೆ ಕೊಯ್ದು ನೋಡಹೊರಟವರು ಎಲ್ಲೆಲ್ಲಿ ದಾರಿ ತಪ್ಪಿದರು, ಹೇಗೆ ಸರಿಪಡಿಸಿಕೊಂಡರು ಎಂಬುದು ಬೇರೆ ಬಂದರುಗಳವರಿಗೂ ಉಪಯೋಗಕ್ಕೆ ಬರುತ್ತದೆ.

ಹಿನ್ನೆಲೆ

ಈ ತೀರದಲ್ಲಿ ದಡದಿಂದ ಹನ್ನೆರಡು–ಹದಿನೈದು ಮಾರು (ಒಂದು ಮಾರು ಸುಮಾರು 1.8 ಮೀಟರ್) ಆಳದ ನೀರಿನವರೆಗೆ ತಳ ಬಹುಪಾಲು ಕೆಸರು. ಮಳೆಗಾಲದಲ್ಲಿ ನದಿಗಳು ತಂದು ಸುರಿದ ಹೂಳು ಅದು. ಆಚೆ ಹೋದಂತೆ ಮರಳು ಬೆರೆಯುತ್ತದೆ. ದೇವಗಡ, ಕೂರ್ಮಗಡ, ಅಂಜದೀವದಂಥ ದ್ವೀಪಗಳ ಸುತ್ತ ಬಂಡೆ. ಅವಲ್ಲದೆ ನೀರಿನಿಂದ ತಲೆ ಎತ್ತದ ಕಲ್ಲುಗಳೂ ಅಲ್ಲಲ್ಲಿ ಇವೆ. ಅವು ಎಲ್ಲಿವೆ ಎಂಬುದು ಬೋಟು ನಡೆಸುವ ತಾಂಡೇಲರ ತಲೆಯಲ್ಲಿ ಅಥವಾ ಅವರ ಜಿಪಿಎಸ್‌ನಲ್ಲಿ ಇರುತ್ತದೆ, ಯಾಕೆಂದರೆ ಬಲೆ ಹರಿಯುವುದು ಅಲ್ಲೇ.

ಈ ಕೆಸರಿನ ಮೇಲಿನ ಕೆಲವು ಸೆಂಟಿಮೀಟರಿನಲ್ಲಿ ಪಾಲಿಕೀಟ್ ಹುಳು, ಅಕ್ಕಿ ಕಾಳಿನಷ್ಟರ ಆಂಫಿಪಾಡ್ (ಸೀಗಡಿಯ ದೂರದ ನೆಂಟ), ಸಣ್ಣ ಚಿಪ್ಪಿ, ಏಡಿಮರಿ, ನಕ್ಷತ್ರಮೀನಿನ ಬಳಗದ ಬಡಕಲು ತೋಳಿನ ಪ್ರಾಣಿಗಳು ಬದುಕುತ್ತವೆ. ನಂಗು ಎಂಬ ಚಪ್ಪಟೆ ಮೀನು, ಅಂದರೆ ಇಲ್ಲಿಯ ಕೊಂಕಣಿಗರ ಲೆಪ್ಪೊ, ಮುಖ್ಯವಾಗಿ ಈ ಹುಳುಗಳನ್ನೂ ಆಂಫಿಪಾಡ್‌ಗಳನ್ನೂ ತಿನ್ನುತ್ತದೆ. ಮದ್ಮಲ್ (ಥ್ರೆಡ್‌ಫಿನ್ ಬ್ರೀಮ್) ಅದಕ್ಕಿಂತ ದೊಡ್ಡ ತುತ್ತು ಹುಡುಕುವ ಮೀನು: ಸೀಗಡಿ, ಏಡಿ, ಸೀಗಡಿಯನ್ನು ಹೋಲುವ ಸ್ಕ್ವಿಲ್ಲಾ, ಸಣ್ಣ ಮೀನು. ಅರಣೆ ಮೀನು (ಲಿಜರ್ಡ್ ಫಿಶ್) ಮೀನನ್ನೇ ತಿನ್ನುತ್ತದೆ, ಮದ್ಮಲ್ಲಿನ ಮರಿಯನ್ನೂ ಬಿಡುವುದಿಲ್ಲ. ಪಾಂಬೋಲ್ (ರಿಬ್ಬನ್ ಫಿಶ್) ಮರಿಯಾಗಿದ್ದಾಗ ಸಣ್ಣ ಸೀಗಡಿ ತಿಂದು, ದೊಡ್ಡದಾದ ಮೇಲೆ ಮೀನಿಗೆ ತಿರುಗುತ್ತದೆ. ತನ್ನ ಜಾತಿಯ ಮರಿಗಳನ್ನೂ ನುಂಗುತ್ತದೆ. ಒಂದೇ ಜಾತಿಯ ಮೀನು ಗಾತ್ರ ಬದಲಾದಂತೆ ಊಟ ಬದಲಿಸುತ್ತದೆ ಎಂಬ ಈ ಸಂಗತಿ ಮುಂದೆ ಬಹಳ ಮುಖ್ಯವಾಗುತ್ತದೆ.

ಕಾರವಾರಕ್ಕೆ ಯಾಂತ್ರೀಕೃತ ಬೋಟು ಬಂದದ್ದು 1960ರ ದಶಕದಲ್ಲಿ, ಇಂಡೋ–ನಾರ್ವೇಜಿಯನ್ ಯೋಜನೆಯ ಕಾಲಕ್ಕೆ. ಈಗ ಬಂದರಿನಲ್ಲಿ ಎರಡು ಬಗೆಯ ಟ್ರಾಲ್ ಬೋಟುಗಳಿವೆ. ಬೆಳಗಿನ ಜಾವ ಹೋಗಿ ಸಂಜೆಗೆ ಬರುವ ಸಣ್ಣವು ಸೀಗಡಿ, ನಂಗು ಹುಡುಕಿಕೊಂಡು ಹತ್ತಿರದ ನೀರಿನಲ್ಲೇ ಎಳೆಯುತ್ತವೆ. ವಾರ–ಹತ್ತು ದಿನ ಹೊರಗಿರುವ ದೊಡ್ಡವು ಮದ್ಮಲ್, ಅರಣೆ, ಪಾಂಬೋಲ್, ಸ್ಕ್ವಿಡ್ ಅಂದರೆ ಬೊಂಡಾಸ್‌ಗಾಗಿ ಆಳಕ್ಕೆ ಹೋಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟು ಕಡಲಿಗಿಳಿಯುವಂತಿಲ್ಲ; ಮುಂದೆ ‘ರಜೆ’ ಎನ್ನುವುದು ಇದನ್ನೇ. ದಡದ ಹತ್ತಿರದ ನೀರು ನಾಡದೋಣಿಗಳಿಗೆ ಮೀಸಲು. ಬುಲ್ ಟ್ರಾಲ್ (ಎರಡು ಬೋಟು ಸೇರಿ ಒಂದು ಬಲೆ ಎಳೆಯುವುದು) ಮತ್ತು ಲೈಟ್ ಫಿಶಿಂಗನ್ನು (ದೀಪದಿಂದ ಮೀನು ಸೆಳೆದು ಹಿಡಿಯುವುದು) ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ. ಇದೆಲ್ಲ ಕಾಗದದ ಮೇಲಿನ ಮಾತು. ಎಷ್ಟು ನಡೆಯುತ್ತದೆ ಎಂಬುದು ಬಂದರಿಂದ ಬಂದರಿಗೆ ಬೇರೆ.

ಒಂದು ಎಳೆತದ ವಿಸ್ತಾರ ಎಷ್ಟೆಂದು ಸಭೆಗಳಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಬೋಟು ಎರಡೂವರೆ ನಾಟ್ (ಗಂಟೆಗೆ ಸುಮಾರು 4.6 ಕಿ.ಮೀ.) ವೇಗದಲ್ಲಿ ಎರಡೂವರೆ ತಾಸು ಎಳೆದರೆ ಸುಮಾರು 11.6 ಕಿ.ಮೀ. ಸಾಗುತ್ತದೆ. ಬಲೆಯ ಬಾಯಿ 12 ಮೀಟರ್ ಹರಡಿದೆ ಎಂದುಕೊಂಡರೂ ಒಂದು ಎಳೆತಕ್ಕೆ ಸುಮಾರು 34 ಎಕರೆ ತಳ ಉಜ್ಜಿದಂತಾಯಿತು. ಬಲೆಯ ಬಾಯಿಯನ್ನು ಅಗಲಿಸಿ ಹಿಡಿಯುವ ಬೋರ್ಡುಗಳು ಮತ್ತು ಹಗ್ಗ ಉಜ್ಜುವ ಪಟ್ಟಿ ಅದಕ್ಕಿಂತ ಅಗಲ. ಪ್ರಪಂಚದ ನಾನಾ ಕಡೆಯ ಅಳತೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಬೋರ್ಡ್ ಟ್ರಾಲ್ ಸರಾಸರಿ 2.4 ಸೆಂ.ಮೀ. ಆಳಕ್ಕೆ ಇಳಿದು, ಒಂದು ಸಲ ಹಾದುಹೋದರೆ ತಳದ ಜೀವಿಗಳಲ್ಲಿ ಸುಮಾರು ಶೇ. 6ರಷ್ಟನ್ನು ತೆಗೆಯುತ್ತದೆ. ಕೇಳಲು ಸಣ್ಣ ಸಂಖ್ಯೆ. ಆದರೆ ಅದೇ ಪಟ್ಟಿಯ ಮೇಲೆ ಚೇತರಿಕೆಗೆ ಬಿಡುವಿಲ್ಲದೆ ಹತ್ತು ಸಲ ಎಳೆದರೆ ಉಳಿಯುವುದು ಶೇ. 54 ಮಾತ್ರ. ಸೀಗಡಿ ಬಿದ್ದ ವಾರದಲ್ಲಿ ಒಂದೇ ಪಟ್ಟಿಯ ಮೇಲೆ ಹತ್ತು ಬೋಟು ಹಾಯುವುದು ಇಲ್ಲಿ ಅಪರೂಪವೇನಲ್ಲ.

ತಕರಾರು

ಶುರುವಾದದ್ದು ನೀರಿನಲ್ಲಿ ಗೋಡೆಯಂತೆ ನಿಲ್ಲುವ ಪಟ್ಟಿ ಬಲೆ ಬಿಡುವ ದೋಣಿಯವರಿಂದ. ನಂಗು ತೆಳ್ಳಗಾಗಿದೆ, ಹೆಂಚಿನ ಮೇಲೆ ಹಾಕಿದರೆ ಮುಳ್ಳೇ ಕಾಣುತ್ತದೆ, ಟ್ರಾಲಿನವರು ತಳ ಕೆರೆದು ಹುಳ ಇಲ್ಲದ ಹಾಗೆ ಮಾಡಿದ್ದಾರೆ ಎಂಬುದು ಅವರ ದೂರು. ಸಂಘದ ಸಭೆಯಲ್ಲಿ ಇದಕ್ಕೆ ಬಲ ಕೊಟ್ಟದ್ದು ಪೇಟೆಯಲ್ಲಿ ಮೀನು ಕೊಯ್ದು ಕೊಡುವ ಹಿರಿಯ ಹೆಂಗಸೊಬ್ಬರು. “ತಮಾ, ಹೊಟ್ಟೆ ಬಗೆಯೂದು ನಾವು. ಮೊದ್ಲೆಲ್ಲ ಮದ್ಮಲ್ಲಿನ ಹೊಟ್ಟೇಲಿ ಶೆಟ್ಲಿ (ಸೀಗಡಿ) ಇಡಿ ಇಡಿ ಸಿಕ್ತಿತ್ತು. ಈಗ ರಾಡಿ, ಏಡಿ ಕಾಲು, ಮೀನಿನ ತುಂಡು.”

ಬೋಟ್ ಮಾಲಕರೊಬ್ಬರ ಉತ್ತರ: “ಅಕ್ಕಾ, ತುಂಡೋ ಇಡಿಯೋ, ನಮ್ಮ ಬಲೆ ಮೀನು ಹೊಟ್ಟೆ ತುಂಬ ತಿಂದೇ ಬತ್ತದೆ. ಉಪವಾಸದ ಸಮುದ್ರದಾಗೆ ಹಿಂಗಿರ್ತದಾ?”

ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದರು. ಜಗಳ ಬಿಡಿಸಲು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರು ಮತ್ತು ಕೆಲವು ವಿದ್ಯಾರ್ಥಿಗಳು ಒಪ್ಪಿದರು. ಮೀನಿನ ಹೊಟ್ಟೆಯನ್ನೇ ಸಾಕ್ಷಿ ಕೇಳೋಣ ಎಂದು ನಿರ್ಧಾರವಾಯಿತು.

ಮೊದಲ ಸುತ್ತು: ಧಕ್ಕೆಯಲ್ಲಿ ಕೊಂಡ ಮೀನು

ತಂಡ ಧಕ್ಕೆಯಲ್ಲೇ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲೇ ಮೀನು ಕೊಂಡಿತು, ಟ್ರಾಲ್ ಬೋಟಿನಿಂದ ಒಂದು ಬುಟ್ಟಿ, ಪಟ್ಟಿ ಬಲೆ ದೋಣಿಯಿಂದ ಒಂದು ಬುಟ್ಟಿ. ಹೊಟ್ಟೆ ಬಿಡಿಸಿ ನೋಡಿದರೆ ಟ್ರಾಲಿನ ಮೀನಿನ ಹೊಟ್ಟೆ ತುಂಬಿತ್ತು, ಪಟ್ಟಿ ಬಲೆಯ ಮೀನಿನದು ಬಹುಪಾಲು ಖಾಲಿ. ಬೋಟಿನವರಿಗೆ ಖುಷಿಯೋ ಖುಷಿ.

ಈ ಹೋಲಿಕೆ ಬಲೆ ಬಲೆಯ ನಡುವಿನ ವ್ಯತ್ಯಾಸ ಹೇಳುತ್ತದೆಯೇ ಹೊರತು ಸಮುದ್ರದ ಸ್ಥಿತಿಯನ್ನಲ್ಲ. ಪಟ್ಟಿ ಬಲೆಗೆ ಸಂಜೆ ಸಿಕ್ಕ ಮೀನು ಬೆಳಗಿನವರೆಗೆ ಬಲೆಯಲ್ಲೇ ನೇತಾಡುತ್ತದೆ. 28 ಡಿಗ್ರಿ ನೀರಿನಲ್ಲಿ ಆ ಹೊತ್ತಿಗೆ ಮೆತ್ತನೆಯ ಹುಳು ಕರಗಿ ಹೋಗಿರುತ್ತದೆ. ಟ್ರಾಲಿನಲ್ಲಿ ಇದಕ್ಕೆ ತದ್ವಿರುದ್ಧ ಎರಡು ಕಾರಣಗಳಿವೆ. ಒಂದು, ಬಲೆಯ ಹಿಂದಿನ ಚೀಲದಲ್ಲಿ ಸೀಗಡಿ, ಮರಿಮೀನು, ಮದ್ಮಲ್ ಎಲ್ಲ ಒಟ್ಟಿಗೆ ತುಂಬಿಕೊಂಡಾಗ ಮದ್ಮಲ್, ಅರಣೆಗಳು ಅಲ್ಲೇ ಬಾಯಿ ಹಾಕುತ್ತವೆ. ಗಂಟಲಿನಲ್ಲಿ ಸಿಕ್ಕಿಕೊಂಡ, ಒಂದಿಷ್ಟೂ ಜೀರ್ಣವಾಗದ, ಬಾಲ ಹೊರಗೆ ಇಣುಕುವ ಮರಿಮೀನು ಕಂಡರೆ ಅದು ಬಲೆಯೊಳಗಿನ ಊಟ ಎಂದು ಹೆಚ್ಚುಕಮ್ಮಿ ಖಚಿತ. ಇನ್ನೊಂದು, ಬೋರ್ಡು ಕೆರೆದು ಹೋದ ಜಾಗಕ್ಕೆ ಮೀನುಗಳು ಬಂದು ಸೇರುತ್ತವೆ; ಒಡೆದ ಚಿಪ್ಪಿ, ಮುರಿದ ಏಡಿ, ಮೇಲೆದ್ದ ಹುಳು ಅವುಗಳಿಗೆ ಸಿದ್ಧ ಅನ್ನ. ಐರಿಷ್ ಸಮುದ್ರದಲ್ಲಿ 1990ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಹತ್ತು ಬೋಟು ಹಾಯ್ದ ಪಟ್ಟಿಯಲ್ಲಿ ಹನ್ನೊಂದನೆಯದಕ್ಕೆ ಹೊಟ್ಟೆ ತುಂಬಿದ ಮೀನು ಸಿಗುವುದೇ ಸಹಜ. ಉಂಡ ಮನೆಯ ಜಂತಿ ಕಿತ್ತು ಒಲೆಗೆ ಹಾಕಿ ಅಡುಗೆ ಮಾಡಿದ ದಿನವೂ ಊಟ ಭರ್ಜರಿಯೇ ಆಗಿರುತ್ತದೆ.

ಧಕ್ಕೆಯ ಮೀನಿನಲ್ಲಿ ಇನ್ನೂ ತೊಡಕುಗಳಿದ್ದವು. ಯಾವ ಆಳದಿಂದ ಬಂದದ್ದು, ಎಷ್ಟು ತಾಸಿನ ಎಳೆತ, ಯಾವ ಎಳೆತದ್ದು ಎಂದು ಯಾರಿಗೂ ಗೊತ್ತಿಲ್ಲ. ಹೊರಗಿನ ಆಳದಿಂದ ಎತ್ತಿದ ಮದ್ಮಲ್ಲಿನ ಗಾಳಿಚೀಲ ಉಬ್ಬಿ ಹೊಟ್ಟೆ ಬಾಯಿಗೆ ಮಗುಚಿರುತ್ತದೆ. ಅಂಥದ್ದನ್ನು ‘ಖಾಲಿ ಹೊಟ್ಟೆ’ ಎಂದು ಬರೆದುಕೊಂಡರೆ ಲೆಕ್ಕವೇ ಸುಳ್ಳು, ಅದು ವಾಂತಿಯಾದದ್ದು, ಹಸಿದದ್ದಲ್ಲ. ವಿದ್ಯಾರ್ಥಿಗಳು ಮೊದಲ ದಿನ ಈ ಎರಡನ್ನೂ ಒಂದೇ ಕಾಲಮ್ಮಿಗೆ ಹಾಕಿದ್ದರು.

ಎರಡನೆಯ ಸುತ್ತು: ರಜೆಯ ಮೊದಲು, ರಜೆಯ ನಂತರ

ಬಲೆ ಬಲೆ ಹೋಲಿಸುವುದು ಬೇಡವೆಂದಾದ ಮೇಲೆ ಎಲ್ಲರಿಗೂ ಸಹಜವಾಗಿ ತೋರಿದ ದಾರಿ ಇದು. ಮೇ ಕೊನೆಯಲ್ಲಿ, ಎಂಟು–ಹತ್ತು ತಿಂಗಳು ಕೆರೆಸಿಕೊಂಡ ತಳ ಹೇಗಿದೆ ನೋಡುವುದು. ಎರಡು ತಿಂಗಳು ಸುಮ್ಮನಿದ್ದ ಮೇಲೆ ಆಗಸ್ಟ್‌ನಲ್ಲಿ ಮತ್ತೆ ನೋಡುವುದು. ಟ್ರಾಲಿನಿಂದಲೇ ಹಾಳಾಗಿದ್ದರೆ ಆಗಸ್ಟ್‌ನಲ್ಲಿ ಹುಳು ಹೆಚ್ಚಿರಬೇಕು.

ಈ ಸಲ ತಳದ ಕೆಸರನ್ನೂ ಎತ್ತಿದರು. ತಳ ಕಚ್ಚಿ ಕೆಸರು ಎತ್ತುವ, ಎರವಲು ತಂದ ವ್ಯಾನ್ ವೀನ್ ಗ್ರ್ಯಾಬ್, ಒಂದು ಕಚ್ಚಿಗೆ 0.1 ಚದರ ಮೀಟರ್. ಪ್ರತಿ ಜಾಗದಲ್ಲಿ ಮೂರು ಸಲ ಇಳಿಸಿ, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸಮುದ್ರದ ನೀರಿನಿಂದಲೇ ತೊಳೆದು, ಉಳಿದದ್ದನ್ನು ರೋಸ್ ಬೆಂಗಾಲ್ ಬೆರೆಸಿದ ಫಾರ್ಮಾಲಿನ್‌ನಲ್ಲಿಟ್ಟರು. ಈ ಬಣ್ಣ ಹಾಕಿದರೆ ಹುಳುಗಳು ಗುಲಾಬಿಯಾಗಿ ಕಸಕಡ್ಡಿಯಿಂದ ಬೇರೆಯಾಗಿ ಕಾಣುತ್ತವೆ. ಗ್ರ್ಯಾಬಿನ ದವಡೆಯಲ್ಲಿ ಚಿಪ್ಪು ಸಿಕ್ಕಿ ಬಾಯಿ ಪೂರ್ತಿ ಮುಚ್ಚದಿದ್ದರೆ ಆ ಕಚ್ಚನ್ನು ಬಿಟ್ಟು ಮತ್ತೆ ಇಳಿಸಬೇಕು. ಎತ್ತುವಾಗ ಕೆಸರು ಸೋರಿ, ಮೇಲಿನ ಪದರವೇ ಮೊದಲು ಹೋಗುತ್ತದೆ.

ಫಲಿತಾಂಶ ಎಲ್ಲರನ್ನೂ ತಬ್ಬಿಬ್ಬು ಮಾಡಿತು. ಆಗಸ್ಟ್–ಸೆಪ್ಟೆಂಬರಿನ ಕೆಸರಿನಲ್ಲಿ ಜೀವಿಗಳು ಮೇಗಿಂತ ಕಡಿಮೆ. ನಂಗಿನ ಹೊಟ್ಟೆಯೂ ಬರಿದು. ಬೋಟಿನವರು ಇದನ್ನೇ ಹಿಡಿದುಕೊಂಡರು: ರಜೆಯಿಂದ ಏನೂ ಲಾಭವಿಲ್ಲ, ಎರಡು ತಿಂಗಳು ನಮ್ಮ ಹೊಟ್ಟೆ ಹೊಡೆದದ್ದೇ ಬಂತು.

ಪ್ರಕರಣ ತಿರುಗಿದ್ದು ಇಲ್ಲಿ. ನೈರುತ್ಯ ಮಾರುತದ ಕಾಲದಲ್ಲಿ ಈ ತೀರದಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ತಳಗುಂಟ ದಡದ ಕಡೆ ಏರಿ ಬರುತ್ತದೆ. ಮೇಲೆ ಮಳೆ ಮತ್ತು ನದಿಗಳ ಸಿಹಿನೀರಿನ ಹಗುರ ಪದರ ಮುಚ್ಚಳ ಹಾಕಿದಂತೆ ಕೂರುವುದರಿಂದ ಗಾಳಿ ಕೆಳಗಿಳಿಯುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರಿನವರೆಗೆ ತಳದ ನೀರು ಉಸಿರುಗಟ್ಟುವ ಸ್ಥಿತಿಗೆ ಬರುತ್ತದೆ; ನವೆಂಬರ್–ಡಿಸೆಂಬರಿಗೆ ಸರಿಹೋಗುತ್ತದೆ. ಪಕ್ಕದ ಗೋವೆಯ ಕ್ಯಾಂಡೋಲಿಂ ಎದುರು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದನ್ನು ಹಲವು ವರ್ಷ ಅಳೆದಿದೆ. ತಂಡವೂ ತಳದ ನೀರನ್ನು ಬಾಟಲಿಯಲ್ಲಿ ಎತ್ತಿ, ಬೋಟಿನ ಮೇಲೆಯೇ ಮ್ಯಾಂಗನಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಿ ಆಮ್ಲಜನಕವನ್ನು ಹಿಡಿದಿಟ್ಟು, ಪ್ರಯೋಗಾಲಯದಲ್ಲಿ ವಿಂಕ್ಲರ್ ವಿಧಾನದಿಂದ ಅದನ್ನು ಅಳೆಯಿತು. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿದ್ದರೆ ತಳದ ಜೀವಿಗಳಿಗೆ ಕಷ್ಟ ಎಂಬುದು ಸಾಮಾನ್ಯ ಲೆಕ್ಕ. ಸೆಪ್ಟೆಂಬರಿನ ನೀರು ಅದಕ್ಕಿಂತ ಕೆಳಗೇ ಇತ್ತು. ದಡದಲ್ಲಿ ಬಾಟಲಿ ತೆರೆದು ಆಮೇಲೆ ರಾಸಾಯನಿಕ ಹಾಕಿದರೆ ಗಾಳಿಯ ಆಮ್ಲಜನಕ ಸೇರಿ ಸಂಖ್ಯೆ ಏರುತ್ತದೆ, ಆದ್ದರಿಂದ ಬೋಟಿನ ಮೇಲೆಯೇ ಈ ಕೆಲಸ ಮುಗಿಯಬೇಕು.

ಅಂದರೆ ರಜೆಯ ಪರಿಣಾಮವನ್ನೂ ಸಮುದ್ರದ ಸ್ವಂತ ಋತುಚಕ್ರವನ್ನೂ ಈ ಹೋಲಿಕೆ ಬೇರ್ಪಡಿಸಲಾರದು. ರಜೆ ಮುಗಿದ ಕೂಡಲೇ ಬಂಪರ್ ಮೀನು ಬೀಳುವುದಕ್ಕೂ ಇದು ಸ್ವಲ್ಪ ಮಟ್ಟಿಗೆ ಕಾರಣ: ಉಸಿರಾಡಲಾಗದ ನೀರಿನಿಂದ ಮೀನು, ಸೀಗಡಿ ತಪ್ಪಿಸಿಕೊಂಡು ದಡದ ಹತ್ತಿರದ ಇಕ್ಕಟ್ಟಾದ ಪಟ್ಟಿಗೆ ಬಂದು ಸೇರುತ್ತವೆ. ಮೀನು ಹೆಚ್ಚಿತು ಎನ್ನುವುದೂ ಒತ್ತೊತ್ತಾಗಿ ನಿಂತಿತು ಎನ್ನುವುದೂ ಒಂದೇ ಅಲ್ಲ.

ಮೂರನೆಯ ಸುತ್ತು: ಕಲ್ಲಿನ ಓಣಿ

ಹೋಲಿಸಬೇಕಾದ್ದು ಒಂದೇ ಋತುವಿನಲ್ಲಿ, ಒಂದೇ ಆಳದಲ್ಲಿ, ಒಂದೇ ಬಗೆಯ ಕೆಸರಿನಲ್ಲಿ, ಹೆಚ್ಚು ಎಳೆದ ಜಾಗ ಮತ್ತು ಎಳೆಯದ ಜಾಗವನ್ನು. ಎಳೆಯದ ಜಾಗ ಎಲ್ಲಿದೆ ಎಂದಾಗ ಕೆಲವರ ಕಣ್ಣು ಹೋದದ್ದು ನೌಕಾನೆಲೆಯ ನಿರ್ಬಂಧಿತ ನೀರಿನ ಕಡೆಗೆ. 2005ರಲ್ಲಿ ಐಎನ್‌ಎಸ್ ಕದಂಬ ಶುರುವಾದಾಗಿನಿಂದ ಅಲ್ಲಿ ಬೋಟು ಬಿಡುವುದಿಲ್ಲ. ಆದರೆ ಅಲ್ಲಿಗೆ ಹೋಗಿ ಕೆಸರು ಎತ್ತಲು ಅನುಮತಿ ಸಿಗುವ ಮಾತಿಲ್ಲ. ಸಿಕ್ಕರೂ ದ್ವೀಪ ಮತ್ತು ತಡೆಗೋಡೆಗಳ ಮರೆಯ ಆ ನೀರು ತೆರೆದ ಕಡಲಿನ ಜೊತೆ ತೂಗುವಂಥದ್ದಲ್ಲ. ಈ ಯೋಚನೆಯನ್ನು ಬೇಗ ಬಿಟ್ಟದ್ದು ಒಳ್ಳೆಯದೇ ಆಯಿತು.

ದಾರಿ ತೋರಿಸಿದವರು ಒಬ್ಬ ಹಳೆಯ ತಾಂಡೇಲರು. ಹನ್ನೆರಡು ಮಾರು ನೀರಿನಲ್ಲಿ ಎರಡು ಮುಳುಗಿದ ಕಲ್ಲುಸಾಲುಗಳ ನಡುವೆ ಕೆಸರಿನ ಕಿರಿದಾದ ಓಣಿ ಇದೆ, ಬಲೆ ಹರಿಯುವ ಭಯಕ್ಕೆ ಯಾರೂ ಅಲ್ಲಿ ಎಳೆಯುವುದಿಲ್ಲ, ನಿಧಾನಕ್ಕೆ ಹೋದರೆ ಹದಿನೈದಿಪ್ಪತ್ತು ನಿಮಿಷ ಎಳೆಯಬಹುದು ಎಂದರು. ಅದರ ದಕ್ಷಿಣಕ್ಕೆ ಅದೇ ಆಳದಲ್ಲಿ ಎಲ್ಲರೂ ಎಳೆಯುವ ದಾರಿ. ಕೆಸರನ್ನು ಒಣಗಿಸಿ ಜರಡಿ ಹಿಡಿದು ನೋಡಿದಾಗ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ನುಣುಪು. ಕಲ್ಲಿನ ನೆರೆಯೇ ಮೀನನ್ನು ಸೆಳೆಯುತ್ತದೆ ಎಂಬ ಅನುಮಾನ ಮಾತ್ರ ಉಳಿಯುತ್ತದೆ. ಅದಕ್ಕಾಗಿ ಗ್ರ್ಯಾಬನ್ನು ಕಲ್ಲಿನಿಂದ ಆದಷ್ಟು ದೂರ, ಓಣಿಯ ನಡುಮಧ್ಯೆ ಇಳಿಸಿದರು.

ಕೆಲಸ ಮಾಡಿದ್ದು ಡಿಸೆಂಬರ್–ಫೆಬ್ರವರಿಯಲ್ಲಿ, ತಳದ ನೀರಿಗೆ ಮತ್ತೆ ಉಸಿರು ಬಂದ ಮೇಲೆ. ಒಂದೇ ಬೋಟು, ಒಂದೇ ಬಲೆ, ಎರಡೂ ಕಡೆ ಇಪ್ಪತ್ತು ನಿಮಿಷದ ಎಳೆತ, ಎರಡೂ ಬೆಳಿಗ್ಗೆ ಏಳರಿಂದ ಹತ್ತರೊಳಗೆ. ಎಳೆತ ಚಿಕ್ಕದಾದಷ್ಟೂ ಚೀಲದೊಳಗಿನ ಊಟ ಕಡಿಮೆ, ಜೀರ್ಣವಾಗುವುದೂ ಕಡಿಮೆ. ಗಂಟಲಿನವರೆಗಿನ ತಾಜಾ ತುತ್ತುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗಾತ್ರ ಕಟ್ಟುನಿಟ್ಟು: ನಂಗು 11ರಿಂದ 13 ಸೆಂ.ಮೀ., ಮದ್ಮಲ್ 14ರಿಂದ 17 ಸೆಂ.ಮೀ. ಮಾತ್ರ. ಹೆಚ್ಚು ಎಳೆದ ಕಡೆ ದೊಡ್ಡ ಮೀನು ಸಹಜವಾಗಿಯೇ ಕಡಿಮೆ. ಎಲ್ಲ ಗಾತ್ರ ಬೆರೆಸಿದರೆ ಸಣ್ಣ ಮೀನು ಸಣ್ಣದನ್ನು ತಿಂದದ್ದನ್ನೇ ‘ಆಹಾರ ಕೆಟ್ಟಿತು’ ಎಂದು ಓದಿಬಿಡುತ್ತೇವೆ. ಹೊಟ್ಟೆ ಎಷ್ಟು ಬಿಡಿಸಬೇಕು ಎಂಬುದಕ್ಕೆ ಒಂದು ಸುಲಭ ಉಪಾಯವಿದೆ. ಒಂದೊಂದೇ ಬಿಡಿಸುತ್ತ ಹೊಸ ಬಗೆಯ ಆಹಾರ ಕಂಡಾಗಲೆಲ್ಲ ಗುರುತು ಹಾಕಿ. ಗೆರೆ ಏರುವುದು ನಿಂತು ಮಟ್ಟಸವಾದ ಮೇಲೆ ಸಾಕು. ಮೂವತ್ತಕ್ಕೆ ಮೊದಲು ನಿಲ್ಲಿಸದಿರುವುದು ಲೇಸು.

ಮೀನು ಮೇಲೆ ಬಂದ ಕೂಡಲೇ ಹೊಟ್ಟೆಯನ್ನು ಎರಡೂ ತುದಿಯಲ್ಲಿ ನೂಲು ಕಟ್ಟಿ ಕತ್ತರಿಸಿ, ಚೀಟಿಯೊಂದಿಗೆ ಶೇ. 10ರ ಫಾರ್ಮಾಲಿನ್‌ಗೆ ಹಾಕಬೇಕು. ಅಂಗಡಿಯ ಫಾರ್ಮಾಲಿನ್ ಒಂದು ಪಾಲು, ನೀರು ಒಂಬತ್ತು ಪಾಲು. ಚೀಟಿ ಪೆನ್ಸಿಲಿನಲ್ಲಿ ಬರೆದದ್ದಾಗಿರಲಿ, ಪೆನ್ನಿನ ಶಾಯಿ ಅಳಿಸಿ ಹೋಗುತ್ತದೆ. ಗ್ಲೌಸ್ ಬೇಕೇ ಬೇಕು, ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡ. ಫಾರ್ಮಾಲಿನ್ ಡಬ್ಬಿ ಮಾರಾಟದ ಮೀನಿನ ಹತ್ತಿರ ಸುಳಿಯಕೂಡದು. ಮಾದರಿಗೆ ತೆಗೆದ ಮೀನು ಯಾವ ಕಾರಣಕ್ಕೂ ಬುಟ್ಟಿಗೆ ವಾಪಸು ಹೋಗಕೂಡದು. ಒಂದು ಸುಳ್ಳು ಸುದ್ದಿ ಹಬ್ಬಿದರೆ ಇಡೀ ಬಂದರಿನ ಮೀನಿನ ದರ ಬೀಳುತ್ತದೆ.

ಹೊಟ್ಟೆಯೊಳಗಿನ ಹುಳು ಇಡಿಯಾಗಿ ಸಿಗುವುದು ಅಪರೂಪ. ಅದರ ಬಿರುಗೂದಲು ಮತ್ತು ಕಪ್ಪು ದವಡೆ ಉಳಿದಿರುತ್ತವೆ, ಸೂಕ್ಷ್ಮದರ್ಶಕದಲ್ಲಿ ಅವನ್ನೇ ಎಣಿಸಬೇಕು. ನುಂಗಿದ ಮೀನು ಕರಗಿದ್ದರೆ ಕಿವಿಯ ಕಲ್ಲು ಉಳಿಯುತ್ತದೆ. ಎಣಿಕೆ ಒಂದನ್ನೇ ನಂಬಿದರೆ ಮೋಸ: ಒಂದು ಹೊಟ್ಟೆಯಲ್ಲಿ ನೂರು ಆಂಫಿಪಾಡ್, ಇನ್ನೊಂದರಲ್ಲಿ ಒಂದು ಸೀಗಡಿ ಇದ್ದರೆ ಯಾವುದು ದೊಡ್ಡ ಊಟ? ಆದ್ದರಿಂದ ಸಂಖ್ಯೆಯ ಶೇಕಡಾ, ಗಾತ್ರದ ಶೇಕಡಾ ಎರಡನ್ನೂ ಕೂಡಿಸಿ, ಎಷ್ಟು ಹೊಟ್ಟೆಗಳಲ್ಲಿ ಆ ಆಹಾರ ಸಿಕ್ಕಿತು ಎಂಬ ಶೇಕಡಾದಿಂದ ಗುಣಿಸುವ ಸೂಚ್ಯಂಕ ಬಳಸಿದರು.

ಮೀನು ತೆಳ್ಳಗಾಗಿದೆಯೇ ಎಂಬ ಮೂಲ ದೂರಿಗೆ ತಕ್ಕಡಿ ಬೇಕಾಯಿತು. ತೂಕವನ್ನು ನೂರರಿಂದ ಗುಣಿಸಿ ಉದ್ದದ ಘನದಿಂದ ಭಾಗಿಸಿದರೆ ಮೀನಿನ ಮೈಕಟ್ಟಿನ ಅಳತೆ ಸಿಗುತ್ತದೆ, 16 ಸೆಂ.ಮೀ., 50 ಗ್ರಾಂನ ಮೀನಿಗೆ 1.22. ಇಲ್ಲಿ ಕರುಳು, ಮೊಟ್ಟೆ ತೆಗೆದ ತೂಕವನ್ನೇ ಹಿಡಿಯಬೇಕು. ಹಾಗೇ ತೂಗಿದರೆ ಹೊಟ್ಟೆಯಲ್ಲಿದ್ದ ರಾಡಿಯೂ ಮೊಟ್ಟೆಯೂ ಮೈಕಟ್ಟಿನ ಲೆಕ್ಕಕ್ಕೆ ಸೇರಿಬಿಡುತ್ತವೆ.

ಕಂಡದ್ದೇನು

ಎಲ್ಲರೂ ಎಳೆಯುವ ದಾರಿಯ ಕೆಸರಿನಲ್ಲಿ ಹುಳುಗಳಿಗೆ ಬರವಿರಲಿಲ್ಲ. ಬೇಗ ಹುಟ್ಟಿ ಬೇಗ ಸಾಯುವ, ನೂಲಿನಂಥ ಸಣ್ಣ ಹುಳುಗಳು ಹೇರಳವಾಗಿದ್ದವು. ಇಲ್ಲದಿದ್ದದ್ದು ದೊಡ್ಡ ಕೊಳವೆ ಕಟ್ಟುವ ಹುಳುಗಳು, ಎರಡು–ಮೂರು ವರ್ಷ ಬದುಕುವ ಚಿಪ್ಪಿಗಳು, ಬಡಕಲು ನಕ್ಷತ್ರಗಳು, ಬಲಿತ ಏಡಿ. ಕಲ್ಲಿನ ಓಣಿಯಲ್ಲಿ ಇವೆಲ್ಲ ಇದ್ದವು. ಜೀವಿಗಳ ತಲೆ ಎಣಿಸಿದ್ದರೆ ಎರಡು ಜಾಗಕ್ಕೂ ಹೆಚ್ಚು ವ್ಯತ್ಯಾಸವೇ ಕಾಣುತ್ತಿರಲಿಲ್ಲ. ತೂಕ ಮಾಡಿದಾಗ ಕಂಡಿತು.

ನಂಗಿಗೆ ಇದರಿಂದ ಹೇಳಿಕೊಳ್ಳುವಂಥ ನಷ್ಟವಾಗಿರಲಿಲ್ಲ. ಅದರ ಬಾಯಿ ಚಿಕ್ಕದು, ಊಟವೂ ಸಣ್ಣ ಹುಳುವೇ. ಎರಡೂ ಜಾಗದ ನಂಗಿನ ಮೈಕಟ್ಟು ಬಹುತೇಕ ಒಂದೇ. ಪಟ್ಟಿ ಬಲೆಯವರು ನೋಡಿದ ತೆಳ್ಳನೆಯ ನಂಗು ಸುಳ್ಳಲ್ಲ, ಆದರೆ ಅವರು ಹೋಲಿಸಿದ್ದು ಮೊಟ್ಟೆ ತುಂಬಿದ ಕಾಲದ ಮೀನನ್ನು ಮೊಟ್ಟೆ ಬಿಟ್ಟ ಕಾಲದ ಮೀನಿನ ಜೊತೆ. ದೂರಿನ ಮೊದಲರ್ಧ ಹೀಗೆ ಬಿದ್ದುಹೋಯಿತು. ದೂರು ಕೊಟ್ಟವರಿಗೆ ಇದನ್ನು ಹೇಳುವುದು ಸುಲಭವಾಗಿರಲಿಲ್ಲ; ಬೋಟಿನವರಿಂದ ದುಡ್ಡು ತಿಂದಿದ್ದೀರಿ ಎಂಬ ಮಾತೂ ಬಂತು. ಅಧ್ಯಾಪಕರು ಎರಡೂ ಜಾಗದ ನಂಗನ್ನು ಸಭೆಗೇ ತಂದು ತಕ್ಕಡಿಗೆ ಹಾಕಿಸಿದ ಮೇಲೆ ಗಲಾಟೆ ತಣಿಯಿತು.

ಮೀನು ಕೊಯ್ಯುವ ಅಕ್ಕನ ಮಾತು ಮಾತ್ರ ನಿಂತಿತು. ಓಣಿಯ ಮದ್ಮಲ್ಲಿನ ಹೊಟ್ಟೆಯಲ್ಲಿ ಸೀಗಡಿ, ಏಡಿಮರಿ ಇಡಿಯಾಗಿದ್ದವು. ಎಳೆಯುವ ದಾರಿಯ ಮದ್ಮಲ್ ಸ್ಕ್ವಿಲ್ಲಾ, ಮೀನಿನ ತುಂಡು, ಚಿಪ್ಪಿನ ಚೂರು ಮತ್ತು ಕೆಸರು ತಿಂದಿತ್ತು. ಹೊಟ್ಟೆ ತುಂಬಿದ್ದು ಎರಡರದ್ದೂ ಹೌದು. ಆದರೆ ಚಿಪ್ಪಿನ ಚೂರು ಮತ್ತು ಕೆಸರಿನಲ್ಲಿ ಸತ್ವವೆಷ್ಟು? ಅದೇ ಉದ್ದಕ್ಕೆ ಎಳೆಯುವ ದಾರಿಯ ಮದ್ಮಲ್ ಹಗುರವಾಗಿತ್ತು. ಅರಣೆ ಮೀನಿನ ಹೊಟ್ಟೆಯನ್ನು ತಂಡ ಬರೀ ಕುತೂಹಲಕ್ಕೆ ಬಿಡಿಸಿತ್ತು. ಎಳೆಯುವ ದಾರಿಯಲ್ಲಿ ಅದರ ಊಟ ಬಹುಪಾಲು ಮದ್ಮಲ್ ಮರಿ. ಅಂದರೆ ಬೋಟಿನವರು ಗೊಬ್ಬರದ ಮೀನೆಂದು ಬುಟ್ಟಿಗಟ್ಟಲೆ ಮಾರುವ ಮದ್ಮಲ್ ಮರಿಗೆ ನೀರಿನಲ್ಲೂ ಒಬ್ಬ ಗಿರಾಕಿ ಇದ್ದ, ಅವನನ್ನೂ ಬೋಟಿನವರೇ ಹಿಡಿದು ಒಳ್ಳೆಯ ದರಕ್ಕೆ ಮಾರುತ್ತಿದ್ದರು. ಆಹಾರಜಾಲದ ಲೆಕ್ಕಾಚಾರ ಜಟಿಲವಾಗುವುದು ಇಂಥ ಜಾಗದಲ್ಲೇ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2005ರಲ್ಲಿ ಕರ್ನಾಟಕ ತೀರದ ಅರಬ್ಬೀ ಸಮುದ್ರಕ್ಕೆ ಇಂಥದೊಂದು ಆಹಾರಜಾಲದ ಮಾದರಿ ಕಟ್ಟಿತ್ತು. ಯಾರು ಯಾರನ್ನು ಎಷ್ಟು ತಿನ್ನುತ್ತಾರೆ ಎಂಬ ಹೊಟ್ಟೆಯ ಲೆಕ್ಕ ಸರಿಯಿಲ್ಲದೆ ಅಂಥ ಮಾದರಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಬಲೆಯ ಚೀಲ

ಮರಿಗಳನ್ನು ಬಿಡುವುದಾದರೆ ಚೀಲದ ಕಣ್ಣು ಬದಲಾಗಬೇಕು. ಸಾಮಾನ್ಯ ಚೀಲದ ವಜ್ರಾಕಾರದ ಕಣ್ಣು ಭಾರ ಬಿದ್ದ ಕೂಡಲೇ ಉದ್ದಕ್ಕೆ ಎಳೆದು ಮುಚ್ಚಿಕೊಳ್ಳುತ್ತದೆ. ಕಣ್ಣು ಎಷ್ಟೇ ದೊಡ್ಡದಿರಲಿ, ಒಳಗಿನಿಂದ ಗೋಡೆಯಂತೆಯೇ. ಅದನ್ನೇ ತಿರುಗಿಸಿ ಚೌಕವಾಗಿ ಹೊಲಿದರೆ ಭಾರಕ್ಕೂ ತೆರೆದೇ ಇರುತ್ತದೆ. ಶಿಫಾರಸು ಮಾಡುವ ಅಳತೆ 35 ಮಿ.ಮೀ. ಇಬ್ಬರು ಮಾಲಕರು ಒಪ್ಪಿದರು. ಏನು ಪಾರಾಗುತ್ತದೆ ಎಂದು ನೋಡಲು ಮೊದಲ ಕೆಲವು ಎಳೆತಗಳಿಗೆ ಚೌಕ ಕಣ್ಣಿನ ಚೀಲದ ಮೇಲೆ ಸಣ್ಣ ಕಣ್ಣಿನ ಹೊರಚೀಲ ಕಟ್ಟಿದರು. ಹೊರಚೀಲ ಒಳಗಿನದಕ್ಕಿಂತ ಉದ್ದಗಲದಲ್ಲಿ ಒಂದೂವರೆ ಪಟ್ಟು ಇರಬೇಕು. ಬಿಗಿಯಾಗಿ ಅಂಟಿಕೊಂಡರೆ ಕಣ್ಣು ಮುಚ್ಚಿ ಏನೂ ಪಾರಾಗುವುದಿಲ್ಲ, ಮತ್ತೆ ಚೌಕ ಕಣ್ಣಿಗೆ ಅಪವಾದ.

ಹೊರಚೀಲದಲ್ಲಿ ಮದ್ಮಲ್ ಮರಿ, ಸಣ್ಣ ಅರಣೆ, ಸಣ್ಣ ಸೀಗಡಿ ಸಿಕ್ಕವು. ಚಪ್ಪಟೆ ನಂಗಿಗೂ ಅಗಲ ಮೈಯ ಮೀನುಗಳಿಗೂ ಚೌಕ ಕಣ್ಣಿನಿಂದ ಅಷ್ಟು ಪ್ರಯೋಜನವಿಲ್ಲ, ದುಂಡನೆಯ ಮೈಯವಕ್ಕೇ ಅನುಕೂಲ. ಪಾರಾದದ್ದೆಲ್ಲ ಬದುಕುತ್ತದೆ ಎಂದೂ ಅಲ್ಲ.

ತೊಂದರೆ ಬಂದದ್ದು ದುಡ್ಡಿನ ಕಡೆಯಿಂದ. ಈ ಬೋಟುಗಳಲ್ಲಿ ಗೊಬ್ಬರ ಮೀನಿನ ದುಡ್ಡು ಖಲಾಸಿಗಳಿಗೆ ಹೋಗುತ್ತಿತ್ತು, ಮಾಲಕರಿಗಲ್ಲ. ಚೀಲ ಬದಲಿಸಲು ಒಪ್ಪಿದವರು ಮಾಲಕರು, ನಷ್ಟ ಅನುಭವಿಸುವವರು ಖಲಾಸಿಗಳು; ಅವರನ್ನು ಯಾವ ಸಭೆಗೂ ಕರೆದಿರಲಿಲ್ಲ. ಸ್ಕ್ವಿಲ್ಲಾ ಕಣ್ಣಿಗೆ ಸಿಕ್ಕಿಕೊಂಡು ಬಿಡಿಸಲು ತಾಸು ಹಿಡಿಯುತ್ತದೆ ಎಂಬುದು ಅವರ ಇನ್ನೊಂದು ದೂರು, ಅದೂ ನಿಜವೇ. ಒಂದು ಬೋಟಿನಲ್ಲಿ ಹದಿನೈದು ದಿನದೊಳಗೆ ಚೌಕ ಚೀಲದ ಒಳಗೆ ಹಳೆಯ ಚೀಲದ ತುಂಡು ಹೊಲಿದಿದ್ದು ಪತ್ತೆಯಾಯಿತು. ಧಕ್ಕೆಯಿಂದ ನೋಡಿದರೆ ಚೌಕ ಕಣ್ಣೇ ಕಾಣುತ್ತದೆ. ಇದನ್ನು ಹಿಡಿಯಲು ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿ ನೋಡಬೇಕು. ಇನ್ನೊಂದು ಬೋಟಿನ ಮಾಲಕರು ಗೊಬ್ಬರ ಮೀನಿನ ಬದಲಿಗೆ ಸೀಗಡಿ ಮಾರಾಟದಲ್ಲಿ ಖಲಾಸಿಗಳ ಪಾಲು ಸ್ವಲ್ಪ ಏರಿಸಿದರು; ಆ ಬೋಟಿನಲ್ಲಿ ಚೀಲ ಸೀಸನ್ ಮುಗಿಯುವವರೆಗೂ ಉಳಿಯಿತು. ಕಸ ಕಡಿಮೆಯಾದ್ದರಿಂದ ಸೀಗಡಿ ಜಜ್ಜಿ ಹೋಗುವುದು ತಗ್ಗಿ, ದರ ಚೂರು ಹೆಚ್ಚು ಸಿಕ್ಕಿದ್ದೂ ಅದಕ್ಕೆ ಸಹಾಯವಾಯಿತು.

ಈಗಿನ ಸ್ಥಿತಿ

ಸಂಘ ಕಲ್ಲಿನ ಓಣಿಯನ್ನು ಹಾಗೇ ಬಿಡುವುದೆಂದು ಬಾಯಿಮಾತಿನ ಕಟ್ಟು ಮಾಡಿಕೊಂಡಿದೆ. ಊರ ಬೋಟುಗಳು ಪಾಲಿಸುತ್ತಿವೆ. ಬೇರೆ ಬಂದರಿನ ಬೋಟುಗಳಿಗೆ ಈ ಕಟ್ಟು ಗೊತ್ತೂ ಇಲ್ಲ, ಗೊತ್ತಾದರೂ ಬಂಧಿಸುವುದಿಲ್ಲ. ಸದ್ಯಕ್ಕೆ ಕಾವಲು ಕಾಯುತ್ತಿರುವುದು ಬಲೆ ಹರಿಯುವ ಭಯವೇ. ಓಣಿಯ ಜಾಗ ಹೇಳಿಕೊಟ್ಟ ತಾಂಡೇಲರು ಅದರ ಜಿಪಿಎಸ್ ಅಂಕಿಗಳನ್ನು ವರದಿಯಲ್ಲಿ ಬರೆಯಬಾರದು ಎಂದು ಷರತ್ತು ಹಾಕಿದ್ದರು. ತಂಡ ಅದನ್ನು ಪಾಲಿಸಿತು, ಇಲ್ಲಿಯೂ ಕೊಟ್ಟಿಲ್ಲ.

ಮುಂದಿನ ಸೀಸನ್ನಿಗೆ ಮಾದರಿ ತೆಗೆಯುವ ತಿಂಗಳು ಜನವರಿ ಎಂದು ಗೊತ್ತುಮಾಡಿದ್ದಾರೆ. ನಂಗನ್ನು ಕೈಬಿಟ್ಟು, ಮದ್ಮಲ್ ಜೊತೆಗೆ ಅರಣೆಯನ್ನು ಸೇರಿಸಿಕೊಂಡಿದ್ದಾರೆ. ಸಭೆಗೆ ಇನ್ನು ಮುಂದೆ ಪ್ರತಿ ಬೋಟಿನಿಂದ ಮಾಲಕರ ಜೊತೆ ಒಬ್ಬ ಖಲಾಸಿಯೂ ಬರಬೇಕು. ಪೇಟೆಯಲ್ಲಿ ಮೀನು ಕೊಯ್ಯುವ ನಾಲ್ವರು ಹೆಂಗಸರಿಗೆ ಒಂದೊಂದು ನೋಟ್‌ಬುಕ್ ಕೊಟ್ಟಿದ್ದಾರೆ: ದಿನಾಂಕ, ಬೋಟು ಒಂದು ದಿನದ್ದೋ ವಾರದ್ದೋ, ಮದ್ಮಲ್ ಗೇಣಿಗಿಂತ ಸಣ್ಣದೋ ದೊಡ್ಡದೋ, ಹೊಟ್ಟೆಯಲ್ಲಿ ಇಡಿ ಸೀಗಡಿ ಇತ್ತೋ ಇಲ್ಲವೋ. ಬರೆಯಲು ಬಾರದವರಿಗೆ ಗೆರೆ ಎಳೆದರೆ ಸಾಕು.